ಗಾಳಿ, ಧೂಳು ಮೊದಲು ನೋಡ್ರಿ
ಡ್ರೋನ್ ಕೊಳ್ಳೋದರ ಬಗ್ಗೆ ನಿಮ್ಮ ಲೇಖನದಾಗ ‘250 ಗ್ರಾಂ ಒಳಗಿನ ಡ್ರೋನ್ ತಗೊಂಡರ ಸಾಕು, ಬ್ಯಾಗಿನಾಗ ಹಿಡೀತದ’ ಅಂತ ಬರದೀರಿ. ಪ್ರವಾಸಕ್ಕ ಹೋಗವರಿಗೆ ಖರೇ. ಆದರ ನಮ್ಮ ಬಾಗಲಕೋಟಿ ಕಡೆ ಆಷಾಢದ ಗಾಳಿ ಒಮ್ಮೆ ನೋಡ್ರಿ. ಹೋದ ವರ್ಷ ಬಾದಾಮಿ ಹಂತೇಕ ಒಂದು ಹೊಲದಾಗ ಸಣ್ಣ ಡ್ರೋನ್ ಹಾರಿಸಿದ್ದೆ. ಹೋಗುವಾಗ ಗಾಳಿ ಬೆನ್ನಿಗಿತ್ತು, ಸರಳ ಹೋತು. ಬರುವಾಗ ಎದುರುಗಾಳಿ. ನೂರಕ್ಕ 60 ಇದ್ದ ಬ್ಯಾಟರಿ 22ಕ್ಕ ಇಳೀತು, ಡ್ರೋನ್ ಇನ್ನೂ ಬೇವಿನಗಿಡದ ಆಚೆನ ಇತ್ತು. ಎತ್ತರ ಕಡಿಮಿ ಮಾಡಿದ ಮ್ಯಾಲೆ ಹೆಂಗೋ ಬಂತು. ಅವತ್ತಿನಿಂದ ಮೊದಲು ಎದುರುಗಾಳಿಗೇ ಕಳಸ್ತೀನಿ, ಬರುವಾಗ ಗಾಳಿನ ತಂದು ಬಿಡ್ತದ.

ಇನ್ನ ಎರಿ ಮಣ್ಣಿನ ಧೂಳು. ನೆಲದಿಂದ ಏಳುವಾಗ ಪ್ರೊಪೆಲ್ಲರ್ ಗಾಳಿಗೆ ಮಣ್ಣು ಎದ್ದು ಮೋಟಾರಿಗೂ ಕ್ಯಾಮೆರಾ ಹಿಡಿಯೋ ಗಿಂಬಲ್‌ಗೂ ಸೇರ್ತದ. ನಾ ತಾಡಪತ್ರಿ ಹಾಸಿ, ನಾಲ್ಕೂ ಮೂಲಿಗೆ ಕಲ್ಲಿಟ್ಟು ಹಾರಸ್ತೀನಿ. ಗಟ್ಟಿಮುಟ್ಟು ಅಂದರ ಬಾಡಿ ಅಷ್ಟ ಅಲ್ರಿ. ಹೆಚ್ಚಿನ ಪ್ರೊಪೆಲ್ಲರ್, ಇನ್ನೆರಡು ಬ್ಯಾಟರಿ, ಹುಬ್ಬಳ್ಳಿ–ಬೆಳಗಾವಿಯೊಳಗ ರಿಪೇರಿ ಸಿಗ್ತದೋ ಇಲ್ಲೋ, ಇಷ್ಟು ಕೇಳಿನ ರೊಕ್ಕ ಕೊಡ್ರಿ.

ಮದುವಿ ಶೂಟಿಂಗ್ ಮಾಡವರಿಗೆ ಒಂದು ಮಾತು: 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ್ದನ್ನ ದುಡಿಮಿಗೆ ಹಾರಿಸಬೇಕಂದರ ಪೈಲಟ್ ಪ್ರಮಾಣಪತ್ರ ಬೇಕು. ಗೋಳಗುಮ್ಮಟ, ಐಹೊಳೆ, ಪಟ್ಟದಕಲ್ಲಿನಾಗ ಪುರಾತತ್ವ ಇಲಾಖೆ ಅನುಮತಿ ಇಲ್ಲದ ಪೆಟ್ಟಿಗಿನ ತೆರೀಬ್ಯಾಡ್ರಿ.