ಕಾಲರ್ ಮೈಕಿಗೆ ಒಂದೇ ಲಾಕ್ ಸಾಕೇ?

ಮೈಮೇಲೆ ಹಾಕಿಕೊಳ್ಳುವ ಮೈಕಿನ ಕೇಬಲ್‌ಗೆ ಎಲ್ಲ ಕಂಪನಿಗಳೂ ಒಂದೇ ಥರದ ಲಾಕ್ ಜಾಕು ಕೊಡಬೇಕೇ?

ಪರ: ಹಾಸನದ ಮೈಕ್ ಸೆಟ್‌ನವರು

ಕೊಡಲೇಬೇಕು. ಹದಿನೆಂಟು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಕೈಯಲ್ಲಿ ಹಿಡಿಯುವ ವೈರ್ ಮೈಕು ಈ ವಿಷಯಕ್ಕೆ ಒಂದು ದಿನವೂ ತಲೆ ತಿಂದಿಲ್ಲ. ಅದಕ್ಕೆ ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ದುಂಡು ಜಾಕು. ಟಕ್ ಅಂತ ಲಾಕ್, ಮುಗೀತು. ಯಾವ ಕಂಪನಿಯ ಕೇಬಲ್ಲಾದರೂ ಕೂರುತ್ತದೆ. ಕಾಲರ್ ಮೈಕಿನಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಶೂರ್ ಕಂಪನಿಯದಕ್ಕೆ ನಾಲ್ಕು ಪಿನ್ನಿನ ಮಿನಿ ಎಕ್ಸ್‌ಎಲ್‌ಆರ್, ಎಕೆಜಿಯದಕ್ಕೆ ಮೂರು ಪಿನ್ನಿನ ಮಿನಿ. ಸೆನ್‌ಹೈಸರ್ ಎವಲ್ಯೂಷನ್ ಸೆಟ್ಟಿಗೆ ತಿರುಪಿರುವ 3.5 ಮಿ.ಮೀ. ಜಾಕು. ಮಾಮೂಲಿ ಇಯರ್‌ಫೋನ್ ಜಾಕೂ ಅದರೊಳಗೆ ಹೋಗುತ್ತದೆ, ಎಳೆದರೆ ಬಂದುಬಿಡುತ್ತದೆ ಅಷ್ಟೆ. ಆ ತಿರುಪನ್ನೇ ಎಲ್ಲರೂ ಹಾಕಿದರೆ ಆಯ್ತಲ್ವಾ?

ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ರಾಮನವಮಿ ಹರಿಕಥೆ. ದಾಸರು ಕುಣಿದ ರಭಸಕ್ಕೆ ಸೊಂಟದ ಪ್ಯಾಕಿನ (ಧ್ವನಿಯನ್ನು ವೈರಿಲ್ಲದೆ ಸೆಟ್ಟಿಗೆ ಕಳಿಸುವ ಡಬ್ಬಿ) ಹತ್ತಿರ ಕೇಬಲ್ ಒಳಗೇ ತುಂಡಾಯಿತು. ಮೊದಲು ಕರಕರ, ಆಮೇಲೆ ಏನೂ ಇಲ್ಲ. ಹನುಮಂತ ಸಮುದ್ರ ಹಾರಬೇಕು, ಆಗಲೇ! ನನ್ನ ಚೀಲದಲ್ಲಿ ಬೇರೆ ಮೂರು ಕಾಲರ್ ಮೈಕು ಇದ್ದವು. ಒಂದೂ ಆ ಪ್ಯಾಕಿಗೆ ಕೂರಲಿಲ್ಲ. ಕೊನೆಗೆ ವೈರ್ ಮೈಕು ಕೊಟ್ಟೆ. ದಾಸರಿಗೆ ಒಂದು ಕೈಯಲ್ಲಿ ಚಿಟಿಕೆ, ಇನ್ನೊಂದರಲ್ಲಿ ಮೈಕು. ಹನುಮಂತ ನಿಂತಲ್ಲೇ ನಿಂತು ಲಂಕೆ ಮುಟ್ಟಿದ. ಬಾಡಿಗೆಯಲ್ಲಿ 500 ರೂಪಾಯಿ ಮುರಿದುಕೊಂಡರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೇಬಲ್ ಬರಲು ನಾಲ್ಕು ದಿನ.

ಒಳಗಿನ ವೈರಿಂಗ್ ಬೇರೆ ಅಂತಾರೆ. ಅದೆಲ್ಲ ಸುಮ್ನೆ ಹೆದರಿಸುವ ಮಾತು. ಮೊಬೈಲ್ ಚಾರ್ಜರ್ ವಿಷಯದಲ್ಲೂ ಹೀಗೇ ಹೆದರಿಸಿದ್ದರು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನಿಗೆಲ್ಲ ಟೈಪ್-ಸಿ ಕಡ್ಡಾಯ. ಆಕಾಶ ಏನು ಕಳಚಿ ಬಿತ್ತೇ?

ವಿರೋಧ: ಚಿಕ್ಕಮಗಳೂರಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ. ನನ್ನ ಪಾಲಿಗೆ ಬಂತು.

ತಿರುಪು ಒಂದೇ ಆದರೆ ಕೆಲಸ ಮುಗಿಯುವುದಿಲ್ಲ. ಕಾಲರ್ ಮೈಕಿಗೆ ಪ್ಯಾಕಿನಿಂದಲೇ ಸಣ್ಣ ವೋಲ್ಟೇಜ್ ಹೋಗಬೇಕು. ಜಾಕಿನ ತುದಿಗೆ ಯಾವ ತಂತಿ, ಉಂಗುರಕ್ಕೆ ಯಾವುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಜಾಕು ಚೆನ್ನಾಗಿ ಕೂರುತ್ತದೆ, ಧ್ವನಿ ಮಾತ್ರ ಬರುವುದಿಲ್ಲ. ಅದಕ್ಕಿಂತ ಕೂರದೇ ಇರುವುದೇ ವಾಸಿ.

ಇನ್ನು ಯುರೋಪಿನ ಕಾನೂನು. ಟೈಪ್-ಸಿ ಕಡ್ಡಾಯ ಮಾಡಿದ ಸಾಮಾನಿನ ಪಟ್ಟಿಯಲ್ಲಿ ಸ್ಮಾರ್ಟ್ ವಾಚ್ ಇಲ್ಲ. ಗಾತ್ರ ಚಿಕ್ಕದು, ಬಳಸುವ ರೀತಿ ಬೇರೆ ಅಂತ ಬಿಟ್ಟರು. ಮೈಮೇಲಿನ ಸಾಮಾನಿಗೆ ಬೆವರು, ಮಳೆ ಜಾಸ್ತಿ. ಜುಲೈನಲ್ಲಿ ಮುಳ್ಳಯ್ಯನಗಿರಿಗೆ ಹೋಗಿ ಬಂದಾಗ ನನ್ನ ಫೋನು ಟೈಪ್-ಸಿ ತೂತಿನಲ್ಲಿ ತೇವ ಇದೆ ಅಂತ ರಾತ್ರಿಯಿಡೀ ಚಾರ್ಜ್ ಆಗಲಿಲ್ಲ. ವಾಚನ್ನು ಪಂಚೆಯಲ್ಲಿ ಒರೆಸಿ ಅದರದೇ ಮ್ಯಾಗ್ನೆಟ್ ಚಾರ್ಜರ್ ಮೇಲಿಟ್ಟೆ, ಆಯ್ತು.

ಆ ಚಾರ್ಜರ್ ಹೋದ ತಿಂಗಳು ಕಳೆದುಹೋಯಿತು, ಅದನ್ನೂ ಹೇಳಿಬಿಡುತ್ತೇನೆ. ಐ.ಜಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಕೇಳಿದೆ. ವಾಚು ಈಗ ಡ್ರಾಯರಿನಲ್ಲಿದೆ.