ಬಾವಲಿಯ ಪಾಲು

ಹದಿನಾಲ್ಕನೇ ವಯಸ್ಸಿಗೆ ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಬಾವಲಿ.

ದಕ್ಷಿಣ ಕನ್ನಡದ ನಮ್ಮ ಮನೆಯ ಹಿಂದೆ ಗೇರುಮರಗಳ ಗುಡ್ಡೆ. ಮರದ ಬುಡದಲ್ಲಿ ಹೆಕ್ಕಿದ ಬೀಜ ಅಪ್ಪನ ಲೆಕ್ಕಕ್ಕೆ. ಆದರೆ ಬಾವಲಿ ರಾತ್ರಿ ಹಣ್ಣು ಕಚ್ಚಿಕೊಂಡು ಹೋಗಿ, ರಸ ಹೀರಿ, ಬೀಜವನ್ನು ದೂರದ ಹಲಸಿನ ಮರದಡಿ ಉದುರಿಸುತ್ತದಲ್ಲ, ಅದು ನನ್ನದು.

"ಮರ ನನ್ನದೇ ಅಲ್ವಾ ಮಾರಾಯ?" ಅಪ್ಪ ತಕರಾರು ತೆಗೆದರು.

"ಬಾವಲಿ ನಿಮ್ಮದಲ್ಲವಲ್ಲ!"

ಅಜ್ಜಿ ನಕ್ಕುಬಿಟ್ಟರು. ಕೇಸು ನಾನು ಗೆದ್ದೆ.

ಗೇರುಹಣ್ಣಿನ ಕಲೆ ಅಂಗಿಯಿಂದ ಹೋಗುವುದಿಲ್ಲ. ಆ ರಜೆಯಲ್ಲಿ ಎರಡು ಅಂಗಿ ಕೆಡಿಸಿದೆ. ಅಮ್ಮ ಅದನ್ನು ನನ್ನ ಖರ್ಚಿಗೇ ಬರೆದಿಟ್ಟರು. ಇನ್ನು ಅಂಗಡಿಯಲ್ಲಿ ಬೇರೆ ಪರೀಕ್ಷೆ. ಬೀಜವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು, ಸಂಶಯ ಬಂದರೆ ಬಕೆಟ್ ನೀರಿಗೆ ಹಾಕುವುದು. ತೇಲಿದ್ದು ಜಳ್ಳು. ನನ್ನವು ಬಹಳ ಚೆನ್ನಾಗಿ ತೇಲುತ್ತಿದ್ದವು.

ಬಂದ ದುಡ್ಡಿನಲ್ಲಿ ದಿನಕ್ಕೆ 2 ರೂಪಾಯಿ ಪಿಗ್ಮಿಗೆ, ಅಂದರೆ ಬ್ಯಾಂಕಿನ ದಿನದ ಉಳಿತಾಯಕ್ಕೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. 1928ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈಯವರು ದಿನಕ್ಕೆ 2 ಆಣೆಯಂತೆ ಮನೆಮನೆಯಿಂದ ಕಟ್ಟಿಸಿಕೊಳ್ಳುವ ಏರ್ಪಾಡು ಮಾಡಿದರಂತೆ. ನಮ್ಮ ಪಿಗ್ಮಿಯವರು ಇದನ್ನು ಹೇಳದೆ ರಶೀದಿ ಹರಿಯುತ್ತಿರಲಿಲ್ಲ. ಅವರು ನನ್ನನ್ನು 'ಸಾವ್ಕಾರ್ರೇ' ಎನ್ನುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು. ಎಡವಟ್ಟಿಗೆ ಅದೇ ಮೂಲ.

ಮೇ ಕೊನೆಯಲ್ಲಿ ರೇಟು ಏರುತ್ತದೆ ಎಂದು ಅಂಗಡಿಯಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ಸಾವ್ಕಾರ ಅಲ್ವಾ, ದಾಸ್ತಾನು ಮಾಡಿದೆ. ಆರು ಕಿಲೋ ಬೀಜವನ್ನು ಗೋಣಿಗೆ ತುಂಬಿ, ಯಾರಿಗೂ ಕಾಣದಂತೆ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬಚ್ಚಿಟ್ಟೆ. ಹೆಂಚು ಒಡೆದಿದ್ದದ್ದು ಅದೇ ಮೂಲೆಯಲ್ಲಿ. ರೇಟಿಗಿಂತ ಮೊದಲು ಮಳೆ ಬಂತು. ಶಾಲೆ, ಹೊಸ ಪುಸ್ತಕ, ಬೈಂಡಿನ ಗಡಿಬಿಡಿಯಲ್ಲಿ ಗೋಣಿ ಮರೆತೇಹೋಯಿತು.

ಜೂನ್ ಮಧ್ಯದಲ್ಲಿ ಬಿಚ್ಚಿ ನೋಡಿದರೆ ಬೀಜದ ಸಿಪ್ಪೆ ಸೀಳಿ, ದಪ್ಪ ಮೊಳಕೆಗಳು ಹೊರಗೆ ಇಣುಕುತ್ತಿದ್ದವು. ಅಳು ಬಂತು.

ಅಜ್ಜಿಗೆ ಮಾತ್ರ ಖುಷಿಯೋ ಖುಷಿ. ಮೊಳಕೆ ಬಂದ ಗೇರುಬೀಜಕ್ಕೆ ತೊಂಡೆಕಾಯಿ ಸೇರಿಸಿ, ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರು. ಅಪ್ಪ ಮೂರು ಸಲ ಹಾಕಿಸಿಕೊಂಡರು. "ಬಾವಲಿಯದ್ದು ರುಚಿ ಜಾಸ್ತಿ" ಎಂದರು.

ಹೊತ್ತಿಗೆ ಸರಿಯಾಗಿ ಪಿಗ್ಮಿಯವರೂ ಬಂದರು. ಅವರಿಗೂ ಒಂದು ಬಟ್ಟಲು ಹೋಯಿತು. ಖಾಲಿ ಮಾಡಿ, ಕೈ ಒರೆಸಿಕೊಂಡು, ಪುಸ್ತಕ ತೆಗೆದರು.

"ಸಾವ್ಕಾರ್ರೇ, ಇವತ್ತು ಎಷ್ಟು ಬರೆಯಲಿ?"