ಕೀಟಗಳಿಗೆ ಆಕ್ಟಿನ್ ಒಂದೇ ಸಾಕೇ? ಒಂದು ಸ್ಪಷ್ಟನೆ

"ಕೀಟದ ಕ್ಯೂಪಿಸಿಆರ್ ಮಾಡೋಕೆ ಆಕ್ಟಿನ್ ಹಾಕಿದ್ರೆ ಸಾಕು, ಅದು ಎಲ್ಲ ಹಂತದಲ್ಲೂ ಒಂದೇ ಮಟ್ಟದಲ್ಲಿರುತ್ತೆ" ಅನ್ನುವ ಮಾತು ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ. ಕ್ಯೂಪಿಸಿಆರ್ ಅಂದರೆ ಒಂದು ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ; ಅಲ್ಲಿ ಹೋಲಿಕೆಗೆ ಮಟ್ಟ ಬದಲಾಗದ ಒಂದು ಜೀನ್, ಅಂದರೆ ರೆಫರೆನ್ಸ್ ಜೀನ್ ಬೇಕು. ಆಕ್ಟಿನ್ ಹಾಕುವುದು ಅದಕ್ಕೇ.

ಆಕ್ಟಿನ್ ಸ್ನಾಯುವಿನ ಮುಖ್ಯ ಪ್ರೋಟೀನ್. ರೇಷ್ಮೆ ಹುಳು ಕೋಶವಾಗಿ, ಚಿಟ್ಟೆಯಾಗುವಾಗ ಹಳೆಯ ಸ್ನಾಯು ಬಹುಪಾಲು ಕರಗಿ ಹೊಸದು ಕಟ್ಟುತ್ತದೆ. ಆಗ ಆಕ್ಟಿನ್ ಜೀನ್ ಸುಮ್ನೆ ಇರುತ್ತಾ? ಇನ್ನೊಂದು ವಿಷಯ: ಹಣ್ಣಿನ ನೊಣ ಡ್ರೋಸೋಫಿಲಾದಲ್ಲಿ ಆಕ್ಟಿನ್ ಜೀನ್‌ಗಳೇ 6 ಇವೆ, ಅದರಲ್ಲೊಂದು ಹಾರುವ ಸ್ನಾಯುವಿಗೇ ಮೀಸಲು. ಹಾಗಾಗಿ "ಆಕ್ಟಿನ್ ಹಾಕಿದ್ದೇವೆ" ಅಂದರೆ ಯಾವ ಆಕ್ಟಿನ್ ಅಂತ ಕೇಳಲೇಬೇಕು.

ನಷ್ಟ ಸಣ್ಣದಲ್ಲ. ಕ್ಯೂಪಿಸಿಆರ್‌ನ ಪ್ರತಿ ಸೈಕಲ್‌ನಲ್ಲಿ ಡಿಎನ್‌ಎ ಸುಮಾರು ದುಪ್ಪಟ್ಟಾಗುತ್ತದೆ. ಹಾಗಾಗಿ ರೆಫರೆನ್ಸ್ ಜೀನ್‌ನ ಸಿಟಿ ಮೌಲ್ಯ (ಸಂಕೇತ ಕಾಣಿಸಿಕೊಳ್ಳುವ ಸೈಕಲ್ ಸಂಖ್ಯೆ) 1 ಸೈಕಲ್ ಜಾರಿದರೆ ಲೆಕ್ಕ ಸುಮಾರು 2 ಪಟ್ಟು ತಪ್ಪುತ್ತದೆ. 2 ಸೈಕಲ್ ಆದರೆ 4 ಪಟ್ಟು. ತಕ್ಕಡಿಯ ತೂಕದ ಕಲ್ಲೇ ಸವೆದಿದ್ದರೆ ತೂಕ ಸರಿ ಬರುತ್ತಾ?

"ಹಾಗಾದ್ರೆ 18ಎಸ್ ಹಾಕ್ತೀವಿ" ಅನ್ನುವವರೂ ಇದ್ದಾರೆ. 18ಎಸ್ ಅಂದರೆ ರೈಬೋಸೋಮ್‌ನ ಒಂದು ಆರ್‌ಎನ್‌ಎ. ಅದರ ಪ್ರಮಾಣ ವಿಪರೀತ ಜಾಸ್ತಿ, ಕಡಿಮೆ ಮಟ್ಟದ ಜೀನ್‌ಗೆ ಹೋಲಿಸುವುದು ಕಷ್ಟ.

ಆರ್‌ಪಿ49, ಇಎಫ್1 ಆಲ್ಫಾದಂಥ ಕೆಲವು ರೆಫರೆನ್ಸ್ ಜೀನ್‌ಗಳ ಮಟ್ಟ ಸ್ಥಿರವಾಗಿದೆಯೇ ಎಂದು ನಿಮ್ಮದೇ ಕೀಟ, ಅಂಗ, ಹಂತ, ಪ್ರಯೋಗದ ಸ್ಥಿತಿಯಲ್ಲಿ ಮೊದಲು ಪರೀಕ್ಷಿಸಿ. ಜೀನಾರ್ಮ್, ನಾರ್ಮ್‌ಫೈಂಡರ್ ಎಂಬ ಸಾಫ್ಟ್‌ವೇರ್‌ಗಳು ಇರುವುದೇ ಇದಕ್ಕೆ. ಪುರಾವೆ ಇಲ್ಲದೆ ಒಂದೇ ಜೀನ್ ನಂಬಬೇಡಿ ಎಂದು ಕ್ಯೂಪಿಸಿಆರ್ ಪ್ರಯೋಗಗಳಿಗಾಗಿ ಬಂದ 2009ರ ಎಂಐಕ್ಯೂಇ ಮಾರ್ಗಸೂಚಿಯೂ ಹೇಳುತ್ತದೆ. ಆಕ್ಟಿನ್ ಆ ಪರೀಕ್ಷೆಯಲ್ಲಿ ಪಾಸಾದರೆ ಧಾರಾಳವಾಗಿ ಬಳಸಿ, ಜೊತೆಗೆ ಇನ್ನೊಂದನ್ನೂ ಸೇರಿಸಿ.